ಸಾಹುಕಾರರ ಲಿವರ್ರೂ ಬೀಗರ ಕೊಬ್ಬರಿಯೂ

ತಿಪಟೂರಿನ ಒಬ್ಬ ಡಾಕ್ಟರ ಹತ್ತಿರ ನಾನು ಇಪ್ಪತ್ತು ವರ್ಷ ಕಾಂಪೌಂಡರಾಗಿದ್ದೆ. ಮಾತ್ರೆ ನುಂಗಿ ಎಂದರೆ ನಮ್ಮ ಜನ ನುಂಗುತ್ತಾರೆ. ಇಂಜೆಕ್ಷನ್ ಎಂದರೆ ಎರಡು ಕೊಟ್ಟುಬಿಡಿ ಎನ್ನುತ್ತಾರೆ. ಕಾಯಿ ಕಡಿಮೆ ತಿನ್ನಿ ಎಂದಿರೋ, ಕಿತಾಪತಿ ಅಲ್ಲಿಂದ ಶುರು. ಅಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಒಬ್ಬ ಕೊಬ್ಬರಿ ಸಾಹುಕಾರರು ಮಾತ್ರ ಒಂದು ವರ್ಷಕ್ಕಾಗುವಷ್ಟನ್ನು ಒಬ್ಬರೇ ಒದಗಿಸಿಕೊಟ್ಟರು.

ಮೆತ್ತಗೆ ಹೇಳಿ

ಸಾಹುಕಾರರಿಗೆ ಬಲಪಕ್ಕೆಯಲ್ಲಿ ಭಾರ, ಮೈಯೆಲ್ಲ ಸುಸ್ತು. ತುಮಕೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿ ತಂದರು. ಡಾಕ್ಟರು ನೋಡಿ, "ಲಿವರ್ ತುಂಬ ಕೊಬ್ಬು ಕೂತಿದೆ" ಎಂದರು.

ಸಾಹುಕಾರರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. "ಮೆತ್ತಗೆ ಹೇಳಿ ಡಾಕ್ಟ್ರೇ. ಮಗಳ ಮದುವೆಗೆ ಮೂರೇ ತಿಂಗ್ಳು. ಬೀಗ್ರು ದಬ್ಬೇಘಟ್ಟದೋರು. ಲಿವರ್ ಅಂದ್ರೆ ಕುಡುಕ ಅಂದ್ಕೊಂಡು ಸಂಬಂಧ ಮುರ್ಕೊಂಡ್ಬುಡ್ತಾರೆ. ಲಿಂಗ ಕಟ್ದೋನು ನಾನು, ಹೆಂಡದ ವಾಸನೇನೂ ಕಂಡಿಲ್ಲ!"

"ಕುಡೀದಿದ್ರೂ ಬರುತ್ತೆ ಕಣ್ರೀ, ತಿಂದೂ ತಿಂದೂ, ಕೂತೂ ಕೂತೂ. ಈಗ ಬಾಯಿ ಕಟ್ಟಿದ್ರೆ ಇಳಿಯುತ್ತೆ. ಹೀಗೇ ಬಿಟ್ರೆ ಲಿವರ್ ಗಟ್ಟಿಯಾಗುತ್ತೆ. ಆಮೇಲೆ ಮೊಮ್ಮಕ್ಕಳನ್ನ ನೋಡ್ತೀರೋ ಇಲ್ವೋ, ನಾನು ಹೇಳಲಾರೆ."

ಸಾಹುಕಾರರ ಕಣ್ಣಲ್ಲಿ ನೀರು ಬಂತು. ಧೈರ್ಯ ಹೇಳೋಣವೆಂದು ನಾನು ಬಾಗಿಲವರೆಗೆ ಹೋದರೆ ನನ್ನ ಕೈ ಹಿಡಿದುಕೊಂಡು, "ಯಾರಾದ್ರೂ ಕೇಳಿದ್ರೆ ಮೂಲವ್ಯಾಧಿ ಅಂದ್ಬುಡಪ್ಪ" ಎಂದರು.

ತೊಟ್ಟು ಎಣ್ಣೆ ಇಲ್ಲ

ಎಣ್ಣೆ, ತುಪ್ಪ, ಸಿಹಿ ಮೂರಕ್ಕೂ ಡಾಕ್ಟರು ಕತ್ತರಿ ಹಾಕಿದ್ದರು. ಹದಿನೈದು ದಿನವಾದರೂ ತೂಕ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಸಾಹುಕಾರರ ಹೆಂಡತಿಗೆ ರೋಷ ಬಂತು. ಗಂಡನ ಊಟದ ಕ್ಯಾರಿಯರನ್ನೇ ತಂದು ಡಾಕ್ಟರ ಮೇಜಿನ ಮೇಲಿಟ್ಟರು.

"ನೀವೇ ನೋಡಿ. ಎಣ್ಣೆ ಡಬ್ಬ ಅಟ್ಟಕ್ಕೆ ಹಾಕಿದೀನಿ. ಒಗ್ಗರಣೇನೂ ಕೊಟ್ಟಿಲ್ಲ."

ಮುಚ್ಚಳ ತೆಗೆದೆ. ಹುರುಳಿಕಾಯಿ ಪಲ್ಯ ಎಂದರು, ಹುರುಳಿಕಾಯಿ ಕಾಣಲಿಲ್ಲ, ಮೇಲೆಲ್ಲ ಕಾಯಿತುರಿ. ಸಾರು ಹಾಲಿನ ಬಣ್ಣಕ್ಕಿತ್ತು. ಅಡಿಯ ಬಟ್ಟಲಲ್ಲಿ ಚಟ್ನಿ.

"ಎಷ್ಟು ಕಾಯಿ ಹಾಕಿದ್ದೀರಮ್ಮ?" ಡಾಕ್ಟರು ಕೇಳಿದರು.

"ಎರಡು. ಎಣ್ಣೆ ಬೇರೆ ಇಲ್ವಲ್ಲ, ಮನುಷ್ಯ ಸೊರಗಿಹೋಗಬಾರದು ಅಂತ ಒಂದು ಜಾಸ್ತಿ ಹಾಕ್ದೆ."

"ಕಾಯಲ್ಲಿರೋದೂ ಎಣ್ಣೇನೇ ತಾಯಿ!"

ಆಕೆ ಡಾಕ್ಟರನ್ನು ಕನಿಕರದಿಂದ ನೋಡಿದರು. "ಎಣ್ಣೆ ಬರೋದು ಗಾಣದಿಂದ ಡಾಕ್ಟ್ರೇ. ಇದು ಮರದಿಂದ ಬಂದಿದ್ದು."

ಸೋಮವಾರದ ಉಪವಾಸ

ಕಾಯಿ ದಿನಕ್ಕೆ ಒಂದು ಚಮಚಕ್ಕಿಳಿಯಿತು. ಒಂದು ಮುದ್ದೆ, ಸೊಪ್ಪಿನ ಸಾರು, ಸಂಜೆ ನಡಿಗೆ. ತೂಕ ಇಳಿಯತೊಡಗಿತು. ಆದರೆ ಪ್ರತಿ ಮಂಗಳವಾರ ಮಾತ್ರ ಒಂದು ಕೇಜಿ ಏರಿರುತ್ತಿತ್ತು. ತೂಕದ ಮಿಷನ್ ಕೆಟ್ಟಿದೆಯೇನೋ ಎಂದು ನಾನೇ ಎರಡು ಸಲ ಹತ್ತಿ ಇಳಿದೆ.

"ಸೋಮವಾರ ಏನು ತಿಂತೀರಿ?" ಡಾಕ್ಟರು ಕೇಳಿದರು.

"ಏನೂ ಇಲ್ಲ. ಸೋಮವಾರ ಉಪವಾಸ."

"ಏನೂ ಅಂದ್ರೆ ಏನೂ ಇಲ್ವಾ?"

"ಫಲಾಹಾರ ಅಷ್ಟೆ. ಬೆಲ್ಲ ಕಾಯಿ ಕಲಸಿದ ಅವಲಕ್ಕಿ. ಆಮೇಲೆ ಬಾಳೆಹಣ್ಣಿನ ರಸಾಯನ. ಮೂರು ಗಂಟೆಗೆ ಒಂದೆರಡು ಎಳನೀರು, ಒಳಗಿನ ಗಂಜಿ ಸಮೇತ. ಸಂಜೆ ಪೂಜೆ ಆದ್ಮೇಲೆ ಸಜ್ಜಿಗೆ, ತುಪ್ಪ ಹಾಕಿ. ಅದು ಪ್ರಸಾದ, ಬೇಡ ಅನ್ನಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟು ಕೈಮುಗಿದರು. "ಇನ್ಮೇಲೆ ಉಪವಾಸ ಮಾಡಬೇಡಿ. ದಯವಿಟ್ಟು ಹೊಟ್ಟೆ ತುಂಬ ಊಟ ಮಾಡಿ."

ಅದು ಊಟವಲ್ಲ

ಎರಡು ತಿಂಗಳಾಯಿತು. ಮತ್ತೆ ಸ್ಕ್ಯಾನಿಂಗ್ ಮಾಡಿಸಿದರೆ ಲಿವರ್ರಿನ ಕೊಬ್ಬು ಎಷ್ಟಿತ್ತೋ ಅಷ್ಟೇ. ಡಾಕ್ಟರಿಗೆ ತಲೆ ಕೆಟ್ಟುಹೋಯಿತು. "ನೀನು ಅವರ ಕೊಬ್ಬರಿ ಮಂಡಿಗೆ ಹೋಗಿ ದಿನವೆಲ್ಲ ಕಾವಲು ಕೂರು" ಎಂದು ನನ್ನನ್ನು ಅಟ್ಟಿದರು.

ಸಾಹುಕಾರರು ರೈತರ ರಾಶಿಗಳ ಮುಂದೆ ಹೋಗುತ್ತಿದ್ದರು. ಒಂದು ಗಿಟುಕು ಕೊಬ್ಬರಿ ಒಡೆಯುವುದು, ಚೂರು ಬಾಯಿಗೆ ಹಾಕಿ ಅಗಿಯುವುದು, ಕಣ್ಣು ಮುಚ್ಚಿ ನುಂಗುವುದು, ರೇಟು ಹೇಳುವುದು. ಮುಂದಿನ ರಾಶಿ. ಮಧ್ಯಾಹ್ನದೊಳಗೆ ಮೂವತ್ತೆರಡು ರಾಶಿಯಾಯಿತು.

"ಏನ್ ಸಾವ್ಕಾರ್ರೇ, ಇಷ್ಟು ಕೊಬ್ಬರಿ ತಿಂತಿದ್ದೀರಲ್ಲ!"

ಅವರಿಗೆ ನಿಜವಾಗಿ ಬೇಜಾರಾಯಿತು. "ತಿನ್ನೋದು ಎಲ್ಲಿ ಬಂತಪ್ಪ? ಇದು ಕೆಲಸ."

ಉಗುಳಿದ್ದು

"ಅಗೀರಿ, ಉಗುಳಿ, ನುಂಗಬೇಡಿ" ಎಂದು ಡಾಕ್ಟರು ಅಪ್ಪಣೆ ಮಾಡಿದರು. ಮಾರನೇ ದಿನ ಸಾಹುಕಾರರು ಚಾಚೂ ತಪ್ಪದೆ ಹಾಗೇ ಮಾಡಿದರು.

ಮೂವತ್ತು ವರ್ಷ ನುಂಗಿದ ಮನುಷ್ಯ ಉಗುಳಿದರೆ ನೋಡಿದವರು ಏನೆಂದುಕೊಳ್ಳಬೇಕು? ಕೊಬ್ಬರಿ ಕಮಟು ಎಂದುಕೊಂಡರು. ಅವರು ಉಗುಳಿದ ರಾಶಿಯ ಹತ್ತಿರ ಬೇರೆ ವ್ಯಾಪಾರಿಗಳು ಸುಳಿಯಲಿಲ್ಲ. ನಾಲ್ಕನೆಯ ರಾಶಿ ದಬ್ಬೇಘಟ್ಟದ ಬೀಗರದ್ದು. ಅದನ್ನೂ ಉಗುಳಿದರು.

ಅರ್ಧ ಗಂಟೆಯಲ್ಲಿ ಇಬ್ಬರೂ ನಮ್ಮ ಕ್ಲಿನಿಕ್ಕಿನಲ್ಲಿದ್ದರು. ಬೀಗರು ಪಂಚೆ ಎತ್ತಿ ಕಟ್ಟಿದ್ದರು. "ಅದೇನೋ ಡಾಕ್ಟ್ರನ್ನ ಕೇಳಿ ಅಂತ ಎಳ್ಕೊಂಡ್ಬಂದವ್ರೆ. ಹೆಣ್ಣು ತರೋ ಬೀಗನ ಕೊಬ್ಬರೀನ ಹತ್ತು ಜನದ ಮುಂದೆ ಉಗುದವ್ರೆ ಸ್ವಾಮಿ! ಈ ಸಂಬಂಧ ನಮ್ಗೆ ಬ್ಯಾಡ!"

ಸಾಹುಕಾರರ ಮುಖ ಬಿಳಿಚಿಕೊಂಡಿತ್ತು. ಹೇಳಿದರೂ ಮದುವೆ ಮುರಿಯಿತು, ಹೇಳದಿದ್ದರೂ ಮುರಿಯಿತು. "ಹೇಳ್ಬುಡಿ ಡಾಕ್ಟ್ರೇ" ಎಂದು ಕಣ್ಣು ಮುಚ್ಚಿಕೊಂಡರು.

ಡಾಕ್ಟರು ಎಲ್ಲ ಹೇಳಿದರು. ಲಿವರ್, ಕೊಬ್ಬು, ಪಥ್ಯ, ಉಗುಳು. ಕುಡಿತವಿಲ್ಲ ಎಂಬುದನ್ನು ಮೂರು ಸಲ ಹೇಳಿದರು. ಬೀಗರು ಹಣೆ ಗಂಟಿಕ್ಕಿಕೊಂಡು ಕೇಳಿ, "ಅಂದ್ರೆ ನಮ್ ಕೊಬ್ಬರಿ ಕೆಟ್ಟಿಲ್ಲ?" ಎಂದರು.

"ಕೆಟ್ಟಿಲ್ಲ."

"ಕುಡುದ್ರೆ ಕುಡೀಲಿ ಬುಡಿ ಸ್ವಾಮಿ, ಅದು ಅವ್ರ ಮನೆ ವಿಚಾರ. ನಮ್ ಕೊಬ್ಬರಿ ಕಮಟು ಅಂತ ತುರುವೇಕೆರೆ, ಮಾಯಸಂದ್ರಕ್ಕೆಲ್ಲ ಗೊತ್ತಾಗಿದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹೆಂಗೆ?"

ಆಮೇಲೆ ಮದುವೆ ಸಾಂಗವಾಗಿ ನಡೆಯಿತು, ಸಾಹುಕಾರರ ಲಿವರ್ರಿನ ಕೊಬ್ಬೂ ನಿಧಾನವಾಗಿ ಇಳಿಯಿತು. ಆದರೆ ಆವತ್ತು ಬೀಗರು ಅಷ್ಟಕ್ಕೇ ಬಿಡಲಿಲ್ಲ. ನನ್ನ ಕೈಯಲ್ಲಿ ಒಂದು ದೊಡ್ಡ ಹಾಳೆ ಬರೆಸಿ, ಡಾಕ್ಟರ ರುಜು ಹಾಕಿಸಿ, ಸಾಹುಕಾರರ ಮಂಡಿಯ ಬಾಗಿಲಿಗೆ ತಾವೇ ಅಂಟಿಸಿದರು: "ಸಾಹುಕಾರರ ಲಿವರ್ ಕೆಟ್ಟಿದೆ. ಬೀಗರ ಕೊಬ್ಬರಿ ಚೆನ್ನಾಗಿದೆ."