ಬೀಗದಂಗಡಿಯ ಹಳೇ ಹೆಸರು

ಬೀಗ ರಿಪೇರಿಯವನ ಸಂಕಟಕ್ಕೆಲ್ಲ ಮೂಲ ಪಕ್ಕದ ಕ್ಷೌರದಂಗಡಿಯವನ ಒಂದು ಮಾತು.

"ನಿನ್ನ ವೆಬ್‌ಸೈಟು ಓಬೀರಾಯನ ಕಾಲದ್ದು ಮಾರಾಯ. ಹೊಸ ಹೆಸರಲ್ಲಿ ಹೊಸದು ಮಾಡಿಸು."

ಹಳೆಯದನ್ನು ಕಟ್ಟಿಕೊಟ್ಟವಳು ಅಕ್ಕ. ಅಂಗಡಿ ತೆರೆದ ಹೊಸತರಲ್ಲಿ, ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಾನೇ ಕಲಿತು ಮಾಡಿದ್ದಳು. ಅವಳಿಗೆ ಒಂದು ಮಾತೂ ಹೇಳದೆ ಇವನು ಆ ವೆಬ್‌ಸೈಟಿನ ಹೆಸರನ್ನು ಹಣ ಕಟ್ಟಿ ನವೀಕರಿಸದೆ ಕೈಬಿಟ್ಟ.

ಹೊಸ ವೆಬ್‌ಸೈಟು ಮದುಮಗನ ಹಾಗೆ ಮಿಂಚುತ್ತಿತ್ತು. ಫೋನು ಮಾತ್ರ ಮುನಿಸಿಕೊಂಡ ಷಡ್ಡಕನ ಹಾಗೆ ಬಾಯಿ ಬಿಡಲೊಲ್ಲದು. ಒಂದು ದಿನ ಬೆಳಿಗ್ಗೆ ಎದುರಿನ ಫೋಟೋ ಸ್ಟುಡಿಯೋದವನು ಇಂಟರ್‌ನೆಟ್ಟಿನಲ್ಲಿ ಹುಡುಕಿ ನೋಡಿದರೆ, ಇವನ ಅಂಗಡಿ ಎಲ್ಲೋ ಪಾತಾಳದಲ್ಲಿ!

"ಮೇಲ್ಗಡೆ 'ಬಹಳ ಹಳೆಯ ಅಂಗಡಿ' ಅಂತ ದಪ್ಪಕ್ಷರದಲ್ಲಿ ಹಾಕಿದ್ದೀನಲ್ಲ?" ಎಂದ ಬೀಗದವನು.

"ನೀನು ಬರ್ಕೊಂಡ್ರೆ ಸರ್ಚ್ ಎಂಜಿನ್ ನಂಬುತ್ತಾ?" ಎಂದ ಸ್ಟುಡಿಯೋದವನು. " ಅದು ಮೊದಲ ಸಲ ನಿನ್ನ ಪುಟ ಯಾವತ್ತು ನೋಡ್ತೋ ಅವತ್ತಿಂದ ವಯಸ್ಸು. ಬೇರೆಯವರ ಪುಟಗಳು ಯಾವಾಗಿಂದ ನಿನ್ನ ಕಡೆ ಕೈ ತೋರಿಸ್ತಿವೆ ಅಂತಾನೂ ನೋಡುತ್ತೆ. ಹಳೇ ಹೆಸರಿಗೆ ಅದೆಲ್ಲಾ ಇತ್ತು. ಇದು ಅದರ ಕಣ್ಣಿಗೆ ಹಸುಗೂಸು."

ಬೀಗದವನು ತಕ್ಷಣ ಫೋನು ತೆಗೆದು ನೋಡಿದ. ಹಳೆಯ ಹೆಸರನ್ನೇ ಮತ್ತೆ ಪಡೆಯೋಣವೆಂದರೆ ಅದನ್ನು ಆಗಲೇ ಯಾರೋ ಕೊಂಡಿದ್ದರು. ಯಾರೆಂದು ತಿಳಿಯುವಂತಿರಲಿಲ್ಲ. ಆ ಹೆಸರಿನ ಪುಟದಲ್ಲಿ ಇವನದೇ ಅಂಗಡಿಯ ಫೋಟೋ, ಕೆಳಗೆ "ಸದ್ಯದಲ್ಲೇ ಬರಲಿದೆ".

"ಆ ಮೂಲೆ ಅಂಗಡಿ ಬೀಗದವನದೇ ಕೆಲಸ!" ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಓಡಿಬಂದ. "ಸುಮ್ನೆ ಬಿಡಬಾರದು, ದೂರು ಕೊಡು."

ಅಕ್ಕನನ್ನು ಒಮ್ಮೆ ಕೇಳೋಣ ಎನಿಸಿತು. ಆದರೆ 'ಯಾಕೋ ಬಿಟ್ಟೆ' ಎಂದರೆ ಏನು ಹೇಳುವುದು? ನಾಚಿಕೆಯಾಗಿ ಫೋನು ಕೆಳಗಿಟ್ಟ. ಹೆಸರು ನೋಂದಾಯಿಸುವ ಕಂಪನಿಗೆ 'ಇದು ಮೋಸದ ಸೈಟು' ಎಂದು ದೂರು ಬರೆದ. ಕ್ಷೌರದವನು ಬರೆದ, ಸ್ಟುಡಿಯೋದವನು ಬರೆದ, ಅವನ ಹೆಂಡತಿಯೂ ಬರೆದಳು. ಅರ್ಧ ಗಡ್ಡದ ಗಿರಾಕಿ, ಬೇಗ ಮುಗಿದರೆ ಸಾಕೆಂದು, "ನಾನೂ ಮೋಸಹೋಗಿದ್ದೇನೆ" ಎಂದು ಬರೆದ.

ಸಂಜೆಗೆ ಉತ್ತರ ಬಂತು. ಆ ಹೆಸರನ್ನು ಶಾಶ್ವತವಾಗಿ ಮುಚ್ಚಲಾಗಿದೆ, ಇನ್ನು ಯಾರಿಗೂ ಕೊಡುವುದಿಲ್ಲ.

"ನನಗೂ ಇಲ್ವಾ?" ಎಂದು ಅವನು ತಡವರಿಸುತ್ತಿದ್ದಾಗಲೇ ಅಕ್ಕ ಬಂದಳು. ಕಣ್ಣು ಕೆಂಪಗಿದ್ದವು.

"ಗಡುವು ಮುಗೀತಿದೆ ಅಂತ ನನಗೂ ಮೆಸೇಜ್ ಬರ್ತಿತ್ತು ಕಣೋ. ಕೆಲಸದ ಗಡಿಬಿಡೀಲಿ ಮರೆತಿದ್ದೀಯ ಪಾಪ ಅಂತ ಆ ಹೆಸರನ್ನ ನಾನೇ ದುಡ್ಡು ಕಟ್ಟಿ ಉಳಿಸ್ಕೊಂಡೆ. ಚೆಂದ ಮಾಡಿ ನಿನಗೇ ಕೊಡೋಣ ಅಂತಿದ್ದೆ. ಇವತ್ತು ಯಾರೋ ಪಾಪಿಗಳು ಮೋಸದ ಸೈಟು ಅಂತ ದೂರು ಕೊಟ್ಟು ಮುಚ್ಚಿಸಿದ್ದಾರೆ. ಒಬ್ಬರಲ್ಲ, ಗುಂಪು ಕಟ್ಕೊಂಡು!"

ಹೊಸ ವೆಬ್‌ಸೈಟು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಯಾರ ಕಣ್ಣಿಗೆ ತಾನೇ ಬಿದ್ದಿತ್ತು? ಸ್ಟುಡಿಯೋದವನಿಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ಕ್ಷೌರದವನು ತನ್ನ ಅಂಗಡಿಗೆ ನುಸುಳಿ ಖಾಲಿ ಕುರ್ಚಿಯ ಕೂದಲು ಕೊಡವತೊಡಗಿದ.

"ಅಕ್ಕಾ..." ಎಂದ ಬೀಗದವನು. ಕಂಪನಿಯ ಉತ್ತರ ತೆರೆದಿದ್ದ ಫೋನನ್ನು ಮೆಲ್ಲಗೆ ಜೇಬಿಗೆ ತುರುಕಿಕೊಂಡ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಭುಜ ತಟ್ಟಿದಳು. "ನೀನು ಬೇಜಾರು ಮಾಡ್ಕೋಬೇಡ. ನಾಳೆ ಇಬ್ಬರೂ ಹೋಗಿ ಅವರನ್ನ ಹಿಡಿಯೋಣ. ನೀನೊಬ್ಬ ನನ್ನ ಕಡೆ ಇದ್ದೀಯಲ್ಲ, ಅಷ್ಟು ಸಾಕು."