ಸಂಪಿಗೆಗೆ ಹಾಕಿದ ಭಟ್ಟಿ ಬೂದಿ

ತಣ್ಣಗೆ ಕಾಣುವ ಯಾವುದನ್ನೂ ನಾನೀಗ ನಂಬುವುದಿಲ್ಲ. ತಟ್ಟೆಯ ಉಪ್ಪಿಟ್ಟನ್ನೂ ಅಂಚಿನಲ್ಲಿ ಬೆರಳಿಟ್ಟು ನೋಡಿಯೇ ಬಾಯಿಗೆ ಹಾಕುತ್ತೇನೆ. ಬಿ.ಎಸ್ಸಿ. ಓದಿದವನಿಗೆ ಐವತ್ತರ ನಂತರ ಈ ಬುದ್ಧಿ ಬರಲು ಕಾರಣ ಎರಡು ಸಂಪಿಗೆ ಗಿಡಗಳು.

ಹರಿಹರದ ನರ್ಸರಿಯಿಂದ ತಂದ, ಮೊಣಕಾಲೆತ್ತರದ ಗಿಡಗಳವು. "ಕಸಿ ಗಿಡ ಸರ್, ಎರಡು ವರ್ಷಕ್ಕೆ ಹೂ ಬಿಡ್ತಾವೆ" ಎಂದು ನರ್ಸರಿಯವನು ಹೇಳಿದ್ದೇ ತಡ, ನನ್ನ ಹೆಂಡತಿ ಗಿರಿಜಾ ಸಂಪಿಗೆ ಕೊಳ್ಳುವುದನ್ನೇ ಬಿಟ್ಟಳು. "ನಮ್ಮನ್ಯಾಗೇ ಬಿಡ್ತಾವಲ್ಲ" ಎನ್ನುತ್ತಿದ್ದಳು, ನಾಳೆ ಬೆಳಿಗ್ಗೆಯೇ ಬಿಡುವಂತೆ. ಆದರೆ ತಿಂಗಳು ತುಂಬುವುದರೊಳಗೆ ಒಂದು ಗಿಡದ ಎಲೆ ಹಳದಿಯಾಯಿತು. ದಾವಣಗೆರೆಯಲ್ಲಿ ಗಿಡ ಸೊರಗಿದರೆ ಯಾರನ್ನು ಕೇಳಿದರೂ ಒಂದೇ ಔಷಧಿ: ಮಂಡಕ್ಕಿ ಭಟ್ಟಿಯ ಬೂದಿ. ಬೇರೆ ಊರಿನವರು ಮಣ್ಣು ಪರೀಕ್ಷೆ ಮಾಡಿಸುತ್ತಾರಂತೆ. ನಾವು ಭಟ್ಟಿಗೆ ಹೋಗುತ್ತೇವೆ.

ನಾನೂ ಹೋದೆ. ಭತ್ತದ ಹೊಟ್ಟು ಉರಿಸಿ ಮಂಡಕ್ಕಿ ಹುರಿಯುವ ಬಾಷಾ ಸಾಹೇಬರು ಬೂದಿಗುಡ್ಡೆ ತೋರಿಸುತ್ತ ಏನೋ ಹೇಳಿದರು. ಅಕ್ಕಿ ಕಾದ ಮರಳಿನಲ್ಲಿ ಅರಳುವುದನ್ನೇ ನೋಡುತ್ತಿದ್ದ ನಾನು ಹ್ಞೂಂ ಎಂದೆ. ಬೂದಿ ಮುಟ್ಟಿದೆ, ತಣ್ಣಗಿತ್ತು. ಚೀಲಕ್ಕೆ ತುಂಬಿ, ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಹೊರಟೆ. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ನಿಲ್ಲಬೇಕಾಯಿತು. ಪಾದ ಬೆಚ್ಚಗಾಯಿತು, ಬಿಸಿಲೆಂದುಕೊಂಡೆ. ನನ್ನ ಮುಂದೆ ನಿಂತಿದ್ದದ್ದು ಗ್ಯಾಸ್ ಸಿಲಿಂಡರುಗಳ ಆಟೋ.

ಮನೆಗೆ ಬಂದು ಹಳದಿ ಗಿಡದ ಬುಡಕ್ಕೆ ಅರ್ಧ ಸುರಿದು, ಉಳಿದ ಚೀಲವನ್ನು ಸ್ಕೂಟರಿಗೆ ಒರಗಿಸಿ ಊಟಕ್ಕೆ ಕೂತೆ.

"ರೀ, ಸಂಪಿಗೆ ಬುಡದಾಗ ಹೊಗೆ ಬರ್ತಾ ಐತೆ" ಎಂದಳು ಗಿರಿಜಾ, ಕಿಟಕಿಯಿಂದ.

"ಬೂದಿ ಹಾರ್ತಿರಬೇಕು ಬಿಡು."

"ಗಿಡದ್ದು ಬೂದಿ ಅನ್ರಿ. ಸ್ಕೂಟರ್ ಯಾಕ ಹೊಗೆ ಬಿಡ್ತಾ ಐತೆ?"

ಓಡಿದೆ. ಚೀಲದ ತಳದಲ್ಲಿ ಕೆಂಡದ ಅಂಚೊಂದು ಬಳೆಯಂತೆ ಸುತ್ತಿಕೊಂಡು ಮೇಲೇರುತ್ತಿತ್ತು. ಪಕ್ಕದಲ್ಲೇ ಬೆಳಿಗ್ಗೆ ತುಂಬಿಸಿದ ಪೆಟ್ರೋಲ್. ಅಂಥ ಹೊತ್ತಿನಲ್ಲಿ ನಾನು ಮಾಡಿದ ಕೆಲಸವೆಂದರೆ, ಜ್ವಾಲೆಯೇ ಇಲ್ಲದೆ ಇದು ಹೇಗೆ ಉರಿಯುತ್ತಿದೆ ಎಂದು ಬಗ್ಗಿ ನೋಡಿದ್ದು.

"ಜರುಗ್ರಿ, ಆಮ್ಯಾಲೆ ನೋಡೀರಂತೆ" ಎಂದ ಗಿರಿಜಾ, ಬಟ್ಟೆ ನೆನೆಸಿಟ್ಟ ಬಕೆಟನ್ನು ನನ್ನ ಅಂಗಿಗಳ ಸಮೇತ ಚೀಲದ ಮೇಲೆ ಮಗುಚಿದಳು. ಸ್ಕೂಟರ್ ತಳ್ಳಿದವಳೂ ಅವಳೇ, ಗಿಡಕ್ಕೆ ನೀರು ಸುರಿದವಳೂ ಅವಳೇ.

ಅಂದಿನಿಂದ ಕಣ್ಣು ಮುಚ್ಚಿದರೆ ರೈಲ್ವೆ ಗೇಟು ಕಾಣುತ್ತದೆ. ಆಟೋದಲ್ಲಿದ್ದ ಸಿಲಿಂಡರುಗಳು ಒಂದು ದಿನ ಆರಾಗಿರುತ್ತವೆ, ಇನ್ನೊಂದು ದಿನ ಹನ್ನೆರಡು. ತಡೆಯಲಾರದೆ ಮತ್ತೆ ಭಟ್ಟಿಗೆ ಹೋದೆ.

"ಬೂದಿ ತಣ್ಣಗಿತ್ತಲ್ರೀ ಸಾಹೇಬ್ರೆ."

"ಮ್ಯಾಲೆ ತಣ್ಣಗಿತ್ತು ಸರ್. ಎರಡು ದಿನ ಹರವಿ, ನೀರು ಹೊಡೆದು ಒಯ್ಯಿರಿ ಅಂದೆ. ನೀವು ಹ್ಞೂಂ ಅಂದ್ರಿ."

"ಎಷ್ಟು ದಿನ ಇರ್ತೈತೆ ಒಳಗೆ ಬೆಂಕಿ?"

"ಅದರ ಪಾಡಿಗೆ ಬಿಟ್ರೆ ಮಲಗಿರ್ತೈತೆ. ಕೆದಕಿದ್ರೆ ಎದ್ದು ಕೂಡ್ತೈತೆ. ನೀವು ಕೆದಕೋ ಪೈಕಿ ಕಾಣ್ತೀರಿ."

ಬೂದಿ ಹಾಕಿದ ಗಿಡ ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಯಿತು. ತೊಗಟೆಯನ್ನು ಉಗುರಿನಲ್ಲಿ ಕೆರೆದಾಗ ಒಳಗೆ ಹಸಿರಿದ್ದರೆ ಜೀವವಿದೆ ಎಂದರ್ಥ. ಕೆರೆದೆ, ಹಸಿರಿತ್ತು. ಮಾರನೆಯ ದಿನವೂ ಇದೆಯೇ ಎಂದು ಇನ್ನೊಂದು ಕಡೆ ಕೆರೆದೆ. ಹೀಗೆ ಒಂದು ವಾರವಾದ ಮೇಲೆ ಗಿರಿಜಾ ಹಳೆ ಸೀರೆಯ ತುಂಡೊಂದನ್ನು ಕಾಂಡಕ್ಕೆ ಸುತ್ತಿ ಗಂಟು ಹಾಕಿದಳು. "ಬೆಂಕಿ ಬಿಟ್ಟಿದ್ದನ್ನ ನಿಮ್ಮ ಉಗುರು ತಗೊಂಡು ಹೋಗ್ತೈತೆ. ಅದು ಬದುಕಿದ್ರೆ ನಮಗೆ ಗೊತ್ತಾಗ್ತೈತೆ, ಮುಟ್ಟಬ್ಯಾಡ್ರಿ."

ಮೂರು ವಾರ ಮುಟ್ಟಲಿಲ್ಲ. ನಿನ್ನೆ ಬೆಳಿಗ್ಗೆ ಕಡ್ಡಿಯ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಚಿಗುರೋ, ಹುಳುವಿನ ಗೂಡೋ? ಸುಮ್ಮನೆ ಹೇಳಿ ಗಿರಿಜಾಳಿಗೆ ಆಸೆ ಹುಟ್ಟಿಸುವುದು ಸರಿಯಲ್ಲವೆಂದು ಮೇಲಿನ ಸಿಪ್ಪೆಯನ್ನು ನಿಧಾನವಾಗಿ ಬಿಡಿಸಿದೆ. ಒಳಗೆ ಅಂದವಾಗಿ ಮಡಚಿಟ್ಟ ಪುಟ್ಟ ಎಲೆ. ಅನುಮಾನಕ್ಕೆ ಎಡೆಯೇ ಇಲ್ಲ. ಅದನ್ನು ಚಿವುಟಿ ಅಂಗೈಯಲ್ಲಿ ಇಟ್ಟುಕೊಂಡು ಅಡುಗೆಮನೆಗೆ ಓಡಿ, ಗಿಡ ಬದುಕಿದೆ ಎಂದು ಅವಳಿಗೆ ತೋರಿಸಿದೆ.