ಲೆಕ್ಕದ ಮೇಲಿನ ಎರಡು ಬೆರಳು ಜಾಗ

ಕಂಪ್ಯೂಟರಿಗೆ ಏನಾದರೂ ಕಲಿಸುತ್ತೇನೆ ಎಂದು ಹೊರಟವರಿಗೆ ಮರ್ಯಾದೆ ಹೋಗುವ ಸಂದರ್ಭಗಳಿಗೆ ಬರವಿಲ್ಲ. ನನಗಂತೂ ಒಂದೇ ಸೆಮಿಸ್ಟರಿನಲ್ಲಿ ಜನ್ಮಕ್ಕಾಗುವಷ್ಟು ಸಿಕ್ಕವು. ಎಂಸಿಎ ಓದುತ್ತಿದ್ದ ಕಾಲ, ಎರಡು ಸಾವಿರದ ದಶಕದ ನಡುವಿನ ಮಾತು. ನಾನು ಗೋವಿಂದರಾಜನಗರದ ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದೆ, ಗೆಳತಿ ನಾಗರಬಾವಿಯ ಬಾಡಿಗೆ ರೂಮಿನಿಂದ. ಅವಳು ಗದಗದ ಕಡೆಯವಳು, ಯಾರಿಗೂ ಹೆದರುವವಳಲ್ಲ. ನಾನು ಎಲ್ಲರಿಗೂ ಹೆದರುವವಳು.

ನಮ್ಮಿಬ್ಬರ ಕೊನೆಯ ಪ್ರಾಜೆಕ್ಟ್ ಹೀಗಿತ್ತು: ಕೈಯಲ್ಲಿ ಬರೆದ ಲೆಕ್ಕವನ್ನು ಸ್ಕ್ಯಾನ್ ಮಾಡಿದರೆ ಕಂಪ್ಯೂಟರ್ ಅದನ್ನು ಓದಿ, ಬಿಡಿಸಿ, ಉತ್ತರ ಹೇಳಬೇಕು. ಗೈಡ್ ಸಾರ್ ಮೊದಲ ದಿನವೇ ಹೇಳಿಬಿಟ್ಟರು: "ವೈವಾ ದಿನ ಹೊರಗಿನಿಂದ ಬರೋ ಎಕ್ಸಾಮಿನರ್ ಒಂದು ಲೆಕ್ಕ ಬರೀತಾರೆ. ನಿಮ್ಮ ಕಂಪ್ಯೂಟರ್ ಅದನ್ನ ಓದ್ಲಿಲ್ವಾ, ಇನ್ನಾರು ತಿಂಗಳು ಇಲ್ಲೇ ಇರ್ತೀರಿ." ಆ ಆರು ತಿಂಗಳು ಅವತ್ತಿನಿಂದಲೇ ನನ್ನ ಎದೆಯ ಮೇಲೆ ಹತ್ತಿ ಕೂತಿತು.

ಆರೋ ಒಂಬತ್ತೋ

ಕಂಪ್ಯೂಟರಿಗೆ ಅಂಕಿ ಕಲಿಸುವುದೆಂದರೆ ಹತ್ತಾರು ಜನರ ಕೈಬರಹ ತೋರಿಸಿ, ಇದು ಮೂರು, ಇದೂ ಮೂರು, ಸೊಟ್ಟಗಿದ್ದರೂ ಇದು ಮೂರೇ ಎಂದು ಹೇಳುತ್ತಾ ಹೋಗುವುದು. ಸೊನ್ನೆಯಿಂದ ಒಂಬತ್ತರವರೆಗೆ ಖಾನೆ ಹಾಕಿದ ಹಾಳೆಗಳನ್ನು ಹಿಡಿದು ನಮ್ಮ ಬೀದಿಯ ಮನೆಮನೆಗೂ ಹೋದೆ. ಮೊದಲ ಮನೆಯ ಆಂಟಿ ಬಾಗಿಲನ್ನು ಅರ್ಧ ತೆರೆದು, "ನಮ್ಮ ಯಜಮಾನ್ರಿಲ್ಲ. ನಾನು ಯಾವುದಕ್ಕೂ ಸೈನ್ ಹಾಕಲ್ಲ" ಎಂದು ಮುಚ್ಚಿಕೊಂಡರು.

ಎದುರುಮನೆಯ ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಇಪ್ಪತ್ತು ಹಾಳೆ ಕೇಳಿ ಪಡೆದು ಮರುದಿನವೇ ತುಂಬಿ ಕೊಟ್ಟರು. ನಾನು ನೋಡದೆ ಗೆಳತಿಗೆ ಕೊಟ್ಟೆ, ಅವಳು ನೋಡದೆ ಸ್ಕ್ಯಾನ್ ಮಾಡಿದಳು. ಯಾವ ಖಾನೆಯಲ್ಲಿದೆಯೋ ಆ ಅಂಕಿ ಎಂದು ಕಂಪ್ಯೂಟರ್ ನಂಬಿ ಕಲಿಯಿತು. ವಾರದ ನಂತರ ಗೈಡ್ ಸಾರ್ ತಮ್ಮ ಕೈಯಾರೆ ಆರಕ್ಕೆ ಒಂದು ಕೂಡಿಸಿ ಬರೆದರು. ಉತ್ತರ ಹತ್ತು ಎಂದು ಬಂತು. ಸಾರ್ ನಮ್ಮ ಮುಖ ನೋಡಿದರು, ನಾನು ನೆಲ ನೋಡಿದೆ.

ಹಾಳೆ ತೆಗೆದು ನೋಡಿದರೆ ಮೇಷ್ಟ್ರು ಇಪ್ಪತ್ತರಲ್ಲೂ ಕನ್ನಡ ಅಂಕಿ ಬರೆದಿದ್ದರು. ಇಂಗ್ಲಿಷಿನ 6ರ ಹಾಗೇ ಇದ್ದ ಅವರ ದುಂಡು ಕೈಯ '೯' ನೋಡಿ ನೋಡಿ, ನಮ್ಮ ಕಂಪ್ಯೂಟರಿಗೆ ಲೋಕದ ಆರೆಲ್ಲ ಒಂಬತ್ತಾಗಿ ಕಾಣತೊಡಗಿತ್ತು. ಮೇಷ್ಟ್ರ ಮನೆಗೆ ಓಡಿಹೋಗಿ, "ಇದು ಕಂಪ್ಯೂಟರಿಗೆ ಗೊತ್ತಾಗಲ್ಲ ಸಾರ್" ಎಂದೆ.

"ಸಿಟಿ ಬಸ್ಸಿನ ಬೋರ್ಡಲ್ಲೂ ಇದೇ ಅಂಕಿ ತಾನೇ ಇರೋದು. ಯಾವೂರಿಂದ ಬಂದಿದೆಯಮ್ಮ ನಿನ್ನ ಕಂಪ್ಯೂಟರು?" ಎಂದರು.

ಹತ್ತಕ್ಕೆ ಹತ್ತು

ಅಂಕಿ ಸರಿಹೋದ ಮೇಲೆ ಇಡೀ ಲೆಕ್ಕಗಳ ಸರದಿ. ಒಂದು ಹಾಳೆಯಲ್ಲಿ ಹತ್ತು ಲೆಕ್ಕ ಬರೆದು, ತಾಳೆ ನೋಡಲೆಂದು ಆಚೆ ಅಂಚಿನಲ್ಲಿ ಉತ್ತರವನ್ನೂ ಬರೆದು ಮನೆಯ ಮೇಜಿನ ಮೇಲಿಟ್ಟಿದ್ದೆ. ಪಕ್ಕದ ಮನೆಯ ಸ್ಕೂಲ್ ಮಿಸ್ ಕರಿಬೇವು ಕೇಳಲು ಬಂದವರು ಅದನ್ನು ಕಂಡರು. ಇಪ್ಪತ್ತು ವರ್ಷದಿಂದ ಪೇಪರ್ ತಿದ್ದಿದ ಕೈ, ಸುಮ್ಮನಿರುವುದೆಂದರೆ ಹೇಗೆ? ಅಮ್ಮ ಕರಿಬೇವು ತರುವಷ್ಟರಲ್ಲಿ ಪ್ರತಿ ಲೆಕ್ಕದ ಎಡಕ್ಕೂ ಒಂದೊಂದು ಸರಿ ಗುರುತು ಹಾಕಿ, ಕೊನೆಯಲ್ಲಿ 10/10 ಎಂದು ಬರೆದು ಹೋಗಿದ್ದರು.

ಅದನ್ನು ನಾನು ನೋಡಲಿಲ್ಲ. ಬೆಳಿಗ್ಗೆ ಫೈಲಿಗೆ ತುರುಕಿಕೊಂಡು ಬಸ್ಸಿಗೆ ಓಡಿದೆ. ಗೈಡ್ ಸಾರ್ ಫೈಲಿಗೆ ಕೈಹಾಕಿ ಎಳೆದು ಸ್ಕ್ಯಾನರಿಗಿಟ್ಟದ್ದು ಅದನ್ನೇ. ಹದಿನಾರಕ್ಕೆ ಒಂಬತ್ತು ಕೂಡಿದರೆ ಇಪ್ಪತ್ತೈದಾಗಬೇಕು. ಹದಿಮೂರು ಎಂದು ಬಂತು. ಮಿಸ್ ಹಾಕಿದ ಸರಿ ಗುರುತನ್ನು ಕಂಪ್ಯೂಟರ್ ವರ್ಗಮೂಲ ಎಂದುಕೊಂಡು, ಹದಿನಾರನ್ನು ನಾಲ್ಕು ಮಾಡಿ ಕೂಡಿತ್ತು. ಹೀಗೆ ಹತ್ತು ಲೆಕ್ಕವೂ ಕೆಟ್ಟವು. ಕೊನೆಗೆ ಅದು 10/10 ಅನ್ನೂ ಬಿಡದೆ ಭಾಗಿಸಿ, ಉತ್ತರ ಒಂದು ಎಂದಿತು.

ಸಾರ್ ಕನ್ನಡಕ ತೆಗೆದು ಹೇಳಿದರು, "ಸದ್ಯಕ್ಕೆ ನಿಮಗೂ ಅಷ್ಟೇ ಮಾರ್ಕ್ಸು."

ಶ್ರೀ

ವೈವಾಗೆ ಮೂರು ದಿನ ಇರುವಾಗ ಇನ್ನೊಂದು ರೋಗ ಕಾಣಿಸಿಕೊಂಡಿತು. ನಮ್ಮ ಜನ ಖಾಲಿ ಹಾಳೆ ಕಂಡರೆ ಮೊದಲು ಮೇಲೆ, ನಡುಮಧ್ಯದಲ್ಲಿ 'ಶ್ರೀ' ಎಂದು ಬರೆದೇ ಮುಂದಿನ ಮಾತು. ಕಂಪ್ಯೂಟರ್ ಆ ಶ್ರೀಯನ್ನು ಒಮ್ಮೆ ಎಂಟು ಎನ್ನುತ್ತಿತ್ತು, ಒಮ್ಮೆ ಮೂವತ್ತೆಂಟು ಎನ್ನುತ್ತಿತ್ತು, ಮತ್ತೆ ಅದನ್ನು ಕೆಳಗಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿತ್ತು. ನನಗೆ ಅಳುವೇ ಬಂತು.

"ಅದಕ್ಕ ಎಷ್ಟಂತ ಕಲಸ್ತೀ? ಮ್ಯಾಲಿಂದು ಎರಡು ಬೆರಳಿನಷ್ಟು ಜಾಗಾ ಓದೂದ ಬ್ಯಾಡ ಅಂತ ಕತ್ತರಿಸಿಬಿಡು" ಎಂದಳು ಗೆಳತಿ. ನಮ್ಮ ಮನೆಯಲ್ಲೇ ಕೂತು ಹಾಗೇ ಪ್ರೋಗ್ರಾಮ್ ಬರೆದೆವು. ಯಂತ್ರ ಸರಿಹೋಯಿತು.

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಸೌಟು ಹಿಡಿದೇ ಬಂದರು. "ದೇವರ ಹೆಸರು ಕತ್ತರಿಸಿ ಪಾಸಾಗ್ತೀವಿ ಅಂತೀರಲ್ಲೇ, ನಿಮ್ಮನ್ನ ಓದಿಸಿದ್ದು ಯಾರೇ?"

ವೈವಾ

ಎಕ್ಸಾಮಿನರ್ ಒಣಕಲು ಮನುಷ್ಯರು, ಮಾತೂ ಹಾಗೆಯೇ. ಒಂದು ಹಾಳೆ ತೆಗೆದುಕೊಂಡು, ಎಲ್ಲಿ ಕಾಗದ ದಂಡವಾದೀತೋ ಎಂಬಂತೆ, ಮೇಲಂಚಿಗೇ ಅಂಟಿಸಿ 48÷6+7 ಎಂದು ಬರೆದರು. ಶ್ರೀ ಇಲ್ಲ, ಓಂ ಇಲ್ಲ. ಲೆಕ್ಕ ಪೂರ್ತಿ ನಾವು ಕತ್ತರಿಸಿದ್ದ ಎರಡು ಬೆರಳು ಜಾಗದೊಳಗೇ ಇತ್ತು. ಸ್ಕ್ಯಾನರಿನ ಬೆಳಕು ಆ ತುದಿಯಿಂದ ಈ ತುದಿಗೆ ಹೋಯಿತು. ಪರದೆಯ ಮೇಲೆ ಬಂತು: 'ಹಾಳೆ ಖಾಲಿ ಇದೆ.'

"ಖಾಲಿ ಇದೆಯಾ?" ಎಂದರು ಎಕ್ಸಾಮಿನರ್. ಗೈಡ್ ಸಾರ್ ಕಿಟಕಿಯಾಚೆ ನೋಡತೊಡಗಿದರು.

ಗೆಳತಿ ಮುಂದೆ ಬಂದಳು. "ಸರ್, ನೀವು ಶ್ರೀಕಾರ ಹಾಕಿಲ್ರಿ. ನಮ್ಮ ಕಂಪ್ಯೂಟರ್ ಶ್ರೀಕಾರ ಇಲ್ಲದ ಹಾಳಿ ಮುಟ್ಟಂಗಿಲ್ರಿ."

ಎಕ್ಸಾಮಿನರ್ ಅವಳನ್ನು ದಿಟ್ಟಿಸಿದರು. ಇನ್ನೊಂದು ಹಾಳೆಯ ಮೇಲೆ ಶ್ರೀ ಬರೆದು, ಕೆಳಗೆ ಅದೇ ಲೆಕ್ಕ ಬರೆದರು. ಉತ್ತರ 15 ಎಂದು ಬಂತು. ಅವರ ಮುಖ ಸ್ವಲ್ಪ ಸಡಿಲಾಯಿತು. "ನಮ್ಮ ತಾತನೂ ಹೀಗೇ, ಶ್ರೀ ಇಲ್ಲದಿದ್ರೆ ಸ್ಲೇಟು ಒರೆಸಿಬಿಡ್ತಿದ್ರು" ಎಂದರು. ನಾನು ಉಸಿರು ಬಿಟ್ಟೆ.

ಬಿಟ್ಟದ್ದು ಅವಸರವಾಯಿತು. ಅವರು ಮೂರನೆಯ ಹಾಳೆ ತೆಗೆದುಕೊಂಡರು. ಈ ಸಲ ಮೇಲೆ ಏನೂ ಬರೆಯದೆ, ಅಷ್ಟು ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಲೆಕ್ಕ ಬರೆದು ತಾವೇ ಸ್ಕ್ಯಾನರಿಗಿಟ್ಟರು. ತಿಂಗಳುಗಟ್ಟಲೆ ಆ ಯಂತ್ರ ಒಂದು ಲೆಕ್ಕ ಓದಲಿ ಎಂದು ಬೇಡಿದ್ದ ನಾನು, ಈ ಒಂದು ಸಲ ಓದದಿರಲಿ ಎಂದು ಬೇಡಿಕೊಂಡೆ. ಅದು ಯಾವತ್ತೂ ಇಲ್ಲದಷ್ಟು ಬೇಗ ಓದಿ 15 ಎಂದಿತು.

"ಇದರಲ್ಲಿ ಶ್ರೀ ಇಲ್ವಲ್ಲಮ್ಮ?" ಎಂದರು ಎಕ್ಸಾಮಿನರ್, ಬಹಳ ಮೆಲ್ಲಗೆ.

ಗೆಳತಿ ರೆಪ್ಪೆ ಬಡಿಯಲಿಲ್ಲ. "ಮನಸಿನ್ಯಾಗ ಅಂದಿರ್ತೀರಿ ಬಿಡ್ರಿ, ಸರ್."

ಗೈಡ್ ಸಾರಿಗೆ ಕೆಮ್ಮು ಹತ್ತಿತು. ಎಕ್ಸಾಮಿನರ್ ನಗಲಿಲ್ಲ. ಅಂಕದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು, ಅದರ ಮೇಲಂಚಿನಲ್ಲಿ ತಮ್ಮ ಎರಡು ಬೆರಳಿಟ್ಟು ಅಳೆದರು, ನಮ್ಮ ಕಡೆ ಒಮ್ಮೆ ನೋಡಿದರು, ಆಮೇಲೆ ಬೆರಳಿನ ಕೆಳಗೆ ಇಬ್ಬರಿಗೂ 'ಪಾಸ್' ಎಂದು ಬರೆದರು.